ರೋಗದ ಮೀನಿನ ಲೇನ್ ಖಾಲಿ, ನೀರಿನ ಲೇನ್‌ನಲ್ಲಿ ಬ್ಯಾಂಡ್: ಮೀನಿನ ಪಿಸಿಆರ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಕಳೆದ ಬೇಸಿಗೆಯಲ್ಲಿ ಪಾಂಡವಪುರ ಕಡೆಯ ರೈತರೊಬ್ಬರು ಎರಡು ಕಾಟ್ಲಾ ಮೀನು ತಂದಿದ್ದರು. ಹೊಟ್ಟೆ ಊದಿತ್ತು. ಹುರುಪೆ ಎದ್ದು ನಿಂತಿತ್ತು. ರೆಕ್ಕೆಗಳ ಬುಡದಲ್ಲಿ ರಕ್ತ ಕಟ್ಟಿದ ಕೆಂಪು ಗುರುತು. ಮೀನು ನೋಡಿ ಅಭ್ಯಾಸ ಇರುವ ಯಾರಾದರೂ ಏರೋಮೋನಾಸ್ ಬ್ಯಾಕ್ಟೀರಿಯಾ ಇರಬೇಕು ಅನ್ನುತ್ತಿದ್ದರು. ಮೈಸೂರಿನ ನಮ್ಮ ಸಣ್ಣ ಲ್ಯಾಬ್‌ನಲ್ಲಿ ಡಿಎನ್‌ಎ ತೆಗೆದು ಪಿಸಿಆರ್ ಮಾಡಿದೆವು. ಪಿಸಿಆರ್ ಅಂದರೆ ನಾವು ಹುಡುಕುವ ಡಿಎನ್‌ಎ ತುಂಡು ಇದ್ದರೆ ಅದನ್ನು ಕೋಟಿಗಟ್ಟಲೆ ನಕಲು ಮಾಡುವ ಪರೀಕ್ಷೆ. ಆ ನಕಲನ್ನು ಜೆಲ್‌ನಲ್ಲಿ ಕರೆಂಟು ಹರಿಸಿ ಓಡಿಸಿದರೆ ಆ ಸ್ಯಾಂಪಲ್‌ನ ಸಾಲಿನಲ್ಲಿ (ಲೇನ್) ಹೊಳೆಯುವ ಪಟ್ಟಿಯಾಗಿ (ಬ್ಯಾಂಡ್) ಕಾಣುತ್ತದೆ. ಜೆಲ್‌ನಲ್ಲಿ ಏನೂ ಬರಲಿಲ್ಲ. ನಾನು 'ನೆಗೆಟಿವ್' ಅಂತ ಬರೆದು ಕೊಟ್ಟೆ.

ವಾರದ ನಂತರ ಅವರು ಫೋನ್ ಮಾಡಿದರು. "ಮೇಡಂ, ನಿಮ್ ಮಿಷಿನ್ನು ಏನೂ ಇಲ್ಲ ಅಂತೈತೆ, ಇಲ್ಲಿ ದಿನಾ ಎಂಟತ್ತು ಮೀನು ತೇಲ್ತಾವೆ."

ಆ ಮೀನು ಬಂದದ್ದು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ. ನಾನದನ್ನು ಕಣ್ಣಾರೆ ನೋಡಿದ್ದೆ. ಆದರೂ ಸುಮ್ನೆ ಮುಂದುವರಿದಿದ್ದೆ. ಫಾರ್ಮಲಿನ್ ಡಿಎನ್‌ಎಯನ್ನು ಪ್ರೋಟೀನ್ ಜೊತೆ ಅಂಟಿಸಿಬಿಡುತ್ತದೆ, ತುಂಡು ತುಂಡು ಮಾಡುತ್ತದೆ. ನನ್ನ ಪರೀಕ್ಷೆ ಅವತ್ತು ಕೆಲಸವನ್ನೇ ಮಾಡಿರಲಿಲ್ಲ. ರೋಗ ಇಲ್ಲದಿದ್ದರೂ ಜೆಲ್‌ನಲ್ಲಿ ಕಾಣುವುದು ಖಾಲಿ ಲೇನ್, ಪರೀಕ್ಷೆ ಕೆಟ್ಟಿದ್ದರೂ ಕಾಣುವುದು ಅದೇ ಖಾಲಿ ಲೇನ್. ಇವೆರಡನ್ನು ಬೇರೆ ಮಾಡದೆ 'ನೆಗೆಟಿವ್' ಅಂತ ಬರೆದದ್ದು ನನ್ನ ತಪ್ಪು. ಅದೇ ತಪ್ಪು ಇನ್ನೊಬ್ಬರಿಗೆ ಆಗದಿರಲಿ ಅಂತ, ನಮಗೆ ಎದುರಾದ ದೋಷಗಳನ್ನೂ ಅವುಗಳನ್ನು ಹಿಡಿದ ದಾರಿಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಫೋನ್‌ನಲ್ಲೇ ಕೇಳಬೇಕಾದದ್ದು

ಪಿಸಿಆರ್‌ಗೆ ಕೈ ಹಾಕುವ ಮೊದಲು, ಇದು ಬ್ಯಾಕ್ಟೀರಿಯಾದ ರೋಗವೇನಾ ಅಂತ ನೋಡಬೇಕು, ಅಲ್ವಾ? ಒಂದೇ ರಾತ್ರಿಯಲ್ಲಿ ಕೊಳದ ಮೀನೆಲ್ಲ ಸತ್ತಿದ್ದರೆ ನಾನು ಮೊದಲು ಕೇಳುವುದು ಆಮ್ಲಜನಕದ ಬಗ್ಗೆ. ನೀರು ಹಸಿರು ಕಟ್ಟಿತ್ತಾ? ಮೂರ್ನಾಲ್ಕು ದಿನ ಮೋಡ ಮುಚ್ಚಿತ್ತಾ? ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವಾ? ಕೊಳದಲ್ಲಿ ಆಮ್ಲಜನಕ ತೀರಾ ಕಡಿಮೆ ಆಗುವುದು ಸೂರ್ಯ ಹುಟ್ಟುವ ಮುಂಚೆ. ಪಕ್ಕದ ಗದ್ದೆಗೆ ಔಷಧಿ ಹೊಡೆದ ದಿನವೇ ಮೀನು ಸತ್ತಿದ್ದರೆ ಆ ಕಡೆ ನೋಡಬೇಕು. ಬ್ಯಾಕ್ಟೀರಿಯಾದ ರೋಗ ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ಇವತ್ತು ಎರಡು, ನಾಳೆ ಐದು, ಆಮೇಲೆ ಹತ್ತು, ಹೀಗೆ ಏರುತ್ತಾ ಹೋಗುತ್ತದೆ.

ಮೈ ಮೇಲೆ ಚಪ್ಪಟೆಯಾಗಿ ಅಂಟಿಕೊಂಡ ಮೀನಿನ ಹೇನು ಬರಿಗಣ್ಣಿಗೇ ಕಾಣುತ್ತದೆ. ಅದು ಕಚ್ಚಿದ ಜಾಗದಲ್ಲಿ ಹುಣ್ಣಾಗಿ ನಂತರ ಬ್ಯಾಕ್ಟೀರಿಯಾ ಸೇರುತ್ತದೆ. ಆಗ ಪಿಸಿಆರ್ ಪಾಸಿಟಿವ್ ಬಂದರೂ ಮೂಲ ಕಾರಣ ಹೇನು. ಕೊರಮೀನಿನ ಮೈಯಲ್ಲಿ ಆಳವಾದ ಹುಣ್ಣಿದ್ದರೆ ಇನ್ನೊಂದು ಅನುಮಾನವೂ ಬೇಕು. ನಮ್ಮ ದೇಶಕ್ಕೆ 1988ರಲ್ಲಿ ಬಂದ ಹುಣ್ಣುರೋಗಕ್ಕೆ ಮೂಲ ಅಫನೊಮೈಸಿಸ್ ಇನ್ವಡಾನ್ಸ್. ಅದು ಶಿಲೀಂಧ್ರದ ಹಾಗೆ ಕಾಣುವ ಬೇರೆಯೇ ಜಾತಿಯ ಜೀವಿ. ಬ್ಯಾಕ್ಟೀರಿಯಾದ ಪ್ರೈಮರ್ (ಯಾವ ಡಿಎನ್‌ಎ ತುಂಡನ್ನು ನಕಲು ಮಾಡಬೇಕು ಅಂತ ಗುರುತಿಸಿ ಕೂರುವ ಸಣ್ಣ ಎಳೆ) ಹಾಕಿ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಸ್ಯಾಂಪಲ್

ಸತ್ತು ತೇಲುತ್ತಿರುವ ಮೀನು ಬೇಡ. ಸಾಯುತ್ತಿರುವ, ಇನ್ನೂ ಕಿವಿರು ಆಡುತ್ತಿರುವ ಮೀನು ಬೇಕು. ಏರೋಮೋನಾಸ್ ಕೆರೆ ನೀರಿನಲ್ಲೂ ಇರುತ್ತದೆ, ಚೆನ್ನಾಗಿರುವ ಮೀನಿನ ಕರುಳಿನಲ್ಲೂ ಇರುತ್ತದೆ. ಮೀನು ಸತ್ತು ನಮ್ಮ ಬಿಸಿಲಿಗೆ ನಾಲ್ಕು ಗಂಟೆ ಬಿದ್ದಿದ್ದರೆ ಕರುಳಿನ ಬ್ಯಾಕ್ಟೀರಿಯಾ ಎಲ್ಲ ಅಂಗಗಳಿಗೂ ಹರಡುತ್ತದೆ. ಅಂಥ ಮೀನಿನಲ್ಲಿ ಬಂದ ಪಾಸಿಟಿವ್‌ಗೆ ನಾನು ಬೆಲೆ ಕೊಡುವುದಿಲ್ಲ.

ಮಂಡ್ಯದಿಂದ ಮೈಸೂರಿಗೆ ಬಸ್ಸಿನಲ್ಲಿ ತರುವವರಿಗೆ ನಾವು ಹೇಳುವುದು ಇಷ್ಟು. ಪ್ರತಿ ಮೀನನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ. ಕವರ್ ಗಂಟು ಕಟ್ಟಿ ಐಸ್ ಮಧ್ಯೆ ಇಡಿ. ಮೀನನ್ನು ನೇರವಾಗಿ ಐಸ್ ಮೇಲೆ ಹಾಕಬೇಡಿ. ಕರಗಿದ ನೀರು ಒಂದು ಮೀನಿನದನ್ನು ಇನ್ನೊಂದಕ್ಕೆ ಹಚ್ಚುತ್ತದೆ. ಅದೇ ಕೊಳದ ಚೆನ್ನಾಗಿರುವ ಎರಡು ಮೂರು ಮೀನನ್ನೂ ತನ್ನಿ. ಈ ಕೊನೆಯ ಮಾತನ್ನು ಯಾರೂ ಮೊದಲ ಸಲ ಪಾಲಿಸುವುದಿಲ್ಲ. 'ಚೆನ್ನಾಗಿರೋ ಮೀನು ಯಾಕೆ ಕುಯ್ಯಬೇಕು' ಅಂತ ಕೇಳುತ್ತಾರೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಲ್ಯಾಬ್‌ನಲ್ಲಿ ಮೊದಲು ಮೀನಿನ ಹೊರಮೈಯನ್ನು 70 ಪರ್ಸೆಂಟ್ ಆಲ್ಕೋಹಾಲ್‌ನಿಂದ ಒರೆಸಬೇಕು. ಹೊಸ ಬ್ಲೇಡ್‌ನಿಂದ ಹೊಟ್ಟೆ ಸೀಳಿ, ಕರುಳು ಕುಯ್ಯದಂತೆ ಪಕ್ಕಕ್ಕೆ ಸರಿಸಬೇಕು. ಬೆನ್ನುಮೂಳೆಗೆ ಅಂಟಿಕೊಂಡು ಕಡುಗೆಂಪು ಪಟ್ಟಿಯ ಹಾಗೆ ಕಾಣುವುದೇ ಕಿಡ್ನಿ. ಅಲ್ಲಿಂದ ಅಕ್ಕಿಕಾಳಿನಷ್ಟು ತುಂಡು ಸಾಕು. ಗುಲ್ಮದಿಂದ ಇನ್ನೂ ಕಡಿಮೆ ತೆಗೆದುಕೊಳ್ಳಿ. ಜಾಸ್ತಿ ಹಾಕಿದರೆ ಜಾಸ್ತಿ ಡಿಎನ್‌ಎ ಬರುತ್ತದೆ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಡಿಎನ್‌ಎ ಸೋಸುವ ಕಾಲಮ್ ಕಟ್ಟಿಕೊಳ್ಳುತ್ತದೆ, ರಕ್ತವೂ ಜೊತೆಗೇ ಬರುತ್ತದೆ. ಅವತ್ತೇ ಕೆಲಸ ಮಾಡಲು ಆಗದಿದ್ದರೆ ತುಂಡಿನ ಹತ್ತು ಪಟ್ಟು 95 ಪರ್ಸೆಂಟ್ ಎಥೆನಾಲ್‌ನಲ್ಲಿ ಇಡಿ. ಫಾರ್ಮಲಿನ್ ಬೇಡವೇ ಬೇಡ.

ಮೀನಿನ ಲೇನ್ ಕೊನೆಗೆ ನೋಡಿ

ಜೆಲ್ ದೀಪದ ಮೇಲೆ ಇಟ್ಟ ಕೂಡಲೇ ಕಣ್ಣು ಹೋಗುವುದು ಮೀನಿನ ಲೇನ್‌ಗೆ. ಅಲ್ಲಿಗೆ ಕೊನೆಗೆ ಹೋಗುವ ಅಭ್ಯಾಸ ಮಾಡಿಕೊಳ್ಳಲು ನನಗೆ ತುಂಬಾ ದಿನ ಬೇಕಾಯಿತು. ಈಗ ನಾನು ನೋಡುವ ಕ್ರಮ ಇದು. ಮೊದಲು ಲ್ಯಾಡರ್, ಅಂದರೆ ಉದ್ದ ಗೊತ್ತಿರುವ ಡಿಎನ್‌ಎ ತುಂಡುಗಳನ್ನು ಹಾಕಿದ ಲೇನ್. ಅದು ಸರಿಯಾಗಿ ಬಿಡಿ ಬಿಡಿಯಾಗಿ ಕಂಡರೆ ಜೆಲ್, ಬಣ್ಣ, ಕರೆಂಟು ಮೂರೂ ಸರಿ. ಆಮೇಲೆ ಪಾಸಿಟಿವ್ ಕಂಟ್ರೋಲ್, ಅಂದರೆ ಇಂಥದ್ದೇ ಬ್ಯಾಕ್ಟೀರಿಯಾ ಅಂತ ಗೊತ್ತಿರುವ ಡಿಎನ್‌ಎ ಹಾಕಿದ ಲೇನ್. ಅಲ್ಲಿ ಬ್ಯಾಂಡ್ ಬಂದರೆ ಕಿಣ್ವ, ಪ್ರೈಮರ್, ಮಿಷಿನ್ ಸರಿ. ಆಮೇಲೆ ಡಿಎನ್‌ಎ ಬದಲು ಬರೀ ನೀರು ಹಾಕಿದ ಲೇನ್. ಅದು ಖಾಲಿ ಇರಬೇಕು. ಕೊನೆಯದು ಮೀನಿನ ತುಂಡೇ ಹಾಕದೆ, ಡಿಎನ್‌ಎ ತೆಗೆಯುವ ಎಲ್ಲ ಹಂತವನ್ನೂ ಮಾಡಿದ ಖಾಲಿ ಟ್ಯೂಬಿನದು. ಅದೂ ಖಾಲಿ ಇರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಮೀನಿನ ಲೇನ್ ಓದುವಂತಿಲ್ಲ, ಅದರಲ್ಲಿ ಎಷ್ಟೇ ಚಂದದ ಬ್ಯಾಂಡ್ ಇರಲಿ.

ಎಲ್ಲವೂ ಖಾಲಿ

ಲ್ಯಾಡರ್ ಕೂಡ ಕಾಣದಿದ್ದರೆ ಜೆಲ್‌ಗೆ ಬಣ್ಣ ಹಾಕಿಲ್ಲ, ಇಲ್ಲವೇ ತಂತಿಗಳನ್ನು ತಿರುಗಿಸಿ ಚುಚ್ಚಿದ್ದೀರಿ. ಡಿಎನ್‌ಎ ಕೆಂಪು ತಂತಿಯ ಕಡೆಗೆ ಓಡುತ್ತದೆ. ಬಾವಿಗಳು ಕಪ್ಪು ತಂತಿಯ ಕಡೆ ಇರಬೇಕು.

ಲ್ಯಾಡರ್ ಇದೆ, ಪಾಸಿಟಿವ್ ಇಲ್ಲ ಅಂದರೆ ತಪ್ಪು ಮಿಶ್ರಣದಲ್ಲಿ ಅಥವಾ ಮಿಷಿನ್‌ನಲ್ಲಿ. ನಮ್ಮಲ್ಲಿ ಹೆಚ್ಚು ಸಲ ಸಿಕ್ಕಿದ್ದು ಪ್ರೈಮರ್ ಲೆಕ್ಕ. ಮೂಲ ಟ್ಯೂಬಿನಲ್ಲಿ 100 ಮೈಕ್ರೋಮೋಲಾರ್ ಇರುತ್ತದೆ. ಅದನ್ನು ಹತ್ತು ಪಟ್ಟು ತಿಳಿಯಾಗಿಸಿ 10 ಮಾಡಿಕೊಳ್ಳುತ್ತೇವೆ. 25 ಮೈಕ್ರೋಲೀಟರ್ ಮಿಶ್ರಣಕ್ಕೆ ಅದರಿಂದ 1 ಮೈಕ್ರೋಲೀಟರ್ ಹಾಕಿದರೆ 0.4 ಆಗುತ್ತದೆ. ಒಮ್ಮೆ ಯಾರೋ ತಿಳಿಯಾಗಿಸಿದ್ದನ್ನೇ ಮತ್ತೆ ತಿಳಿಯಾಗಿಸಿದ್ದರು. ಟ್ಯೂಬಿನ ಮೇಲೆ ತಾರೀಕು ಇತ್ತು, ಎಷ್ಟು ಗಾಢ ಅಂತ ಇರಲಿಲ್ಲ. ಎರಡನೆಯದು ಮೆಗ್ನೀಷಿಯಂ. ಅದಿಲ್ಲದೆ ಕಿಣ್ವ ಕೆಲಸ ಮಾಡುವುದಿಲ್ಲ. ಫ್ರೀಜರ್‌ನಿಂದ ತೆಗೆದ ಮೆಗ್ನೀಷಿಯಂ ಕ್ಲೋರೈಡ್ ಕರಗುವಾಗ ಮೇಲೆ ತೆಳುವಾಗಿ ಕೆಳಗೆ ಗಟ್ಟಿಯಾಗಿ ಪದರವಾಗುತ್ತದೆ. ಪೂರ್ತಿ ಕರಗಿಸಿ, ಚೆನ್ನಾಗಿ ಕಲಕಿ, ಆಮೇಲೆ ತೆಗೆಯಿರಿ.

ಇನ್ನು ಕರೆಂಟು. ಪಿಸಿಆರ್ ಅಂದರೆ 95 ಡಿಗ್ರಿಯಲ್ಲಿ ಎಳೆ ಬಿಡಿಸುವುದು, 55ರ ಸುತ್ತಮುತ್ತ ಪ್ರೈಮರ್ ಕೂರಿಸುವುದು, 72ರಲ್ಲಿ ನಕಲು ಬೆಳೆಸುವುದು, ಹೀಗೆ 30 - 35 ಸುತ್ತು. ಮಧ್ಯೆ ಕರೆಂಟು ಹೋಗಿ ಬಂದರೆ ಕೆಲವು ಮಿಷಿನ್ ತಾನೇ ಮುಂದುವರಿಯುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಪರದೆಯಲ್ಲಿ 'ಮುಗಿಯಿತು' ಅಂತಲೇ ಇರುತ್ತದೆ. ಮಿಷಿನ್‌ನ ದಾಖಲೆ ತೆರೆದು ಎಷ್ಟು ಗಂಟೆಗೆ ಮುಗಿದಿದೆ ನೋಡಿ. ಎರಡು ಗಂಟೆಯ ಕೆಲಸಕ್ಕೆ ಐದು ಗಂಟೆ ಹಿಡಿದಿದ್ದರೆ ಉತ್ತರ ಸಿಕ್ಕಿತು. ಫ್ರೀಜರ್‌ಗೂ ಒಂದು ಉಪಾಯ ಇದೆ. ಲೋಟದಲ್ಲಿ ನೀರು ಗಟ್ಟಿ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ರಜೆ ಮುಗಿಸಿ ಬಂದಾಗ ನಾಣ್ಯ ಐಸಿನೊಳಗೆ ಇಳಿದಿದ್ದರೆ ಫ್ರೀಜರ್ ಒಮ್ಮೆ ಕರಗಿದೆ ಅಂತ ಅರ್ಥ. ದಸರಾ ರಜೆ ಮುಗಿಸಿ ಬಂದ ಒಂದು ಸೋಮವಾರ ನಮ್ಮ ನಾಣ್ಯ ಲೋಟದ ತಳದಲ್ಲಿತ್ತು. ಆ ವಾರ ಎಲ್ಲ ಕಿಣ್ವವನ್ನೂ ಪಾಸಿಟಿವ್ ಡಿಎನ್‌ಎ ಹಾಕಿ ಮತ್ತೆ ಪರೀಕ್ಷೆ ಮಾಡಿದ ಮೇಲೆಯೇ ರೈತರ ಸ್ಯಾಂಪಲ್ ಮುಟ್ಟಿದೆವು.

ಪಾಸಿಟಿವ್ ಹೊಳೆಯುತ್ತಿದೆ, ಮೀನು ಖಾಲಿ

ಅತಿ ಹೆಚ್ಚು ಮೋಸ ಮಾಡುವ ಜಾಗ ಇದೇ. ಎಲ್ಲ ಕಂಟ್ರೋಲ್ ಸರಿ, ಮೀನಿನಲ್ಲಿ ಮಾತ್ರ ಇಲ್ಲ. ನೆಗೆಟಿವ್ ಅನ್ನಲು ಮನಸ್ಸು ಎಳೆಯುತ್ತದೆ.

ಇಲ್ಲಿ ನಾನು ಮೊದಲು ಮಾಡುವುದು ಅದೇ ಡಿಎನ್‌ಎಯನ್ನು ಹತ್ತು ಪಟ್ಟು, ನೂರು ಪಟ್ಟು ತಿಳಿಯಾಗಿಸಿ ಮತ್ತೆ ಹಾಕುವುದು. ಕಡಿಮೆ ಹಾಕಿದರೆ ಬ್ಯಾಂಡ್ ಹೇಗೆ ಬರುತ್ತದೆ ಅಂತ ಹೊಸಬರು ಕೇಳುತ್ತಾರೆ. ಕಿಡ್ನಿ, ಗುಲ್ಮ ಎರಡೂ ರಕ್ತ ತುಂಬಿದ ಅಂಗಗಳು. ರಕ್ತದ ಕೆಂಪಿನಲ್ಲಿರುವ ಹೀಮ್ ಪಿಸಿಆರ್ ಕಿಣ್ವವನ್ನು ತಡೆಯುತ್ತದೆ. ಹುಣ್ಣಿನ ಸುತ್ತಲ ಕಪ್ಪು ಚರ್ಮದ ಮೆಲನಿನ್ ತಡೆಯುತ್ತದೆ. ಕುಯ್ಯುವಾಗ ಪಿತ್ತಕೋಶ ಒಡೆದರೆ ಪಿತ್ತರಸ ತಡೆಯುತ್ತದೆ. ಕಿವಿರಿಗೆ ಹತ್ತಿದ ಕೆರೆ ಕೆಸರಿನಲ್ಲಿರುವ ಹ್ಯೂಮಿಕ್ ಆಮ್ಲ ತಡೆಯುತ್ತದೆ. ತೊಳೆಯಲು ಬಳಸಿದ ಎಥೆನಾಲ್ ಪೂರ್ತಿ ಆರದಿದ್ದರೆ ಅದೂ ತಡೆಯುತ್ತದೆ. ಹತ್ತು ಪಟ್ಟು ತಿಳಿಯಾಗಿಸಿದರೆ ಬ್ಯಾಕ್ಟೀರಿಯಾ ಡಿಎನ್‌ಎ ಹತ್ತನೇ ಒಂದು ಪಾಲಾಗುತ್ತದೆ. ಪಿಸಿಆರ್ ಆ ನಷ್ಟವನ್ನು ಮೂರು ಮೂರೂವರೆ ಸುತ್ತಿನಲ್ಲಿ ತುಂಬಿಕೊಳ್ಳುತ್ತದೆ. ಆದರೆ ತಡೆಯುವ ವಸ್ತು ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಕಿಣ್ವ ಬಿಡುಗಡೆಯಾಗುತ್ತದೆ. ಹಾಗಾಗಿ ತಿಳಿ ಮಾಡಿದಾಗ ಬ್ಯಾಂಡ್ ಎದ್ದು ಬಂದರೆ ಅಚ್ಚರಿ ಬೇಡ.

ಎರಡನೆಯದು ಬೆರೆಸುವ ಪರೀಕ್ಷೆ. ಮೀನಿನ ಡಿಎನ್‌ಎ ಇರುವ ಟ್ಯೂಬಿಗೇ ಒಂದಿಷ್ಟು ಪಾಸಿಟಿವ್ ಡಿಎನ್‌ಎ ಬೆರೆಸಿ ಓಡಿಸಿ. ಪಕ್ಕದಲ್ಲಿ ಅಷ್ಟೇ ಪಾಸಿಟಿವ್ ಡಿಎನ್‌ಎಯನ್ನು ಬರೀ ನೀರಿಗೆ ಬೆರೆಸಿ ಓಡಿಸಿ. ನೀರಿನಲ್ಲಿ ಬಂದ ಬ್ಯಾಂಡ್ ಮೀನಿನಲ್ಲಿ ಬರದಿದ್ದರೆ ಆ ಸ್ಯಾಂಪಲ್ ಪಿಸಿಆರ್ ಅನ್ನು ತಡೆಯುತ್ತಿದೆ. ಇಲ್ಲಿ ಒಂದು ಎಚ್ಚರ ಬೇಕು. ಪಾಸಿಟಿವ್ ಡಿಎನ್‌ಎ ಧಾರಾಳವಾಗಿ ಸುರಿಯಬೇಡಿ. ಕಣ್ಣಿಗೆ ಕಾಣುವ ಬ್ಯಾಂಡ್ ಬರುವಷ್ಟು ಕಡಿಮೆ ಪ್ರಮಾಣ ಹಾಕಿ. ಜಾಸ್ತಿ ಹಾಕಿದರೆ ಸಣ್ಣ ಪುಟ್ಟ ತಡೆಯನ್ನು ಅದು ದಾಟಿ ಬಂದುಬಿಡುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಮೂರನೆಯದು, ಮೀನಿನದೇ ಜೀನ್ ಹಿಡಿಯುವ ಪ್ರೈಮರ್. ಮೀನಿನ ಜಾತಿ ಗುರುತಿಸಲು ಬಳಸುವ ಮೈಟೋಕಾಂಡ್ರಿಯಾದ ಸಿಒಐ ಜೀನ್‌ನ ತುಂಡು 655 ಬೇಸ್ (ಡಿಎನ್‌ಎ ಅಕ್ಷರ) ಇರುತ್ತದೆ. ಅದೂ ಬರದಿದ್ದರೆ ನಿಮ್ಮ ಟ್ಯೂಬಿನಲ್ಲಿ ಕೆಲಸಕ್ಕೆ ಬರುವ ಡಿಎನ್‌ಎಯೇ ಇಲ್ಲ. ಆ ಫಾರ್ಮಲಿನ್ ಮೀನಿಗೆ ಇದೊಂದನ್ನು ಮಾಡಿದ್ದರೂ ಸಾಕಿತ್ತು, ಅವತ್ತೇ ಸತ್ಯ ಗೊತ್ತಾಗುತ್ತಿತ್ತು. ಆದರೆ ಅದು ಬಂತು ಅಂತ ಪೂರ್ತಿ ನಂಬುವಂತಿಲ್ಲ. ಒಂದು ಜೀವಕೋಶದಲ್ಲಿ ಮೈಟೋಕಾಂಡ್ರಿಯಾದ ಡಿಎನ್‌ಎ ನೂರಾರು ಪ್ರತಿ ಇರುತ್ತದೆ. ಬ್ಯಾಕ್ಟೀರಿಯಾದ್ದು ಬೆರಳೆಣಿಕೆಯಷ್ಟೇ ಇರಬಹುದು. ಅದಕ್ಕೇ ಬೆರೆಸುವ ಪರೀಕ್ಷೆಯನ್ನು ಬಿಡಬೇಡಿ ಅನ್ನುವುದು.

ಡಿಎನ್‌ಎ ಅಳೆಯುವ ಮಿಷಿನ್ ಕೊಡುವ ಅಂಕಿಯೂ ಹೀಗೇ ದಾರಿ ತಪ್ಪಿಸುತ್ತದೆ. ಶುದ್ಧತೆ ತೋರಿಸುವ 260ಕ್ಕೆ 280ರ ಅನುಪಾತ 1.8 ಬಂತು, ಒಂದು ಮೈಕ್ರೋಲೀಟರ್‌ಗೆ 200 ನ್ಯಾನೋಗ್ರಾಂ ಬಂತು ಅಂತ ಖುಷಿಯಾಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೀನಿನದು. ಒಂದು ಮೀನಿನ ಜೀವಕೋಶದಲ್ಲಿರುವ ಡಿಎನ್‌ಎ ನೂರಾರು ಬ್ಯಾಕ್ಟೀರಿಯಾಗಳ ಡಿಎನ್‌ಎಗೆ ಸಮ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಡಿಎನ್‌ಎ ಕರಗಿಸಿದ ಬಫರ್ ಯಾವುದು ಅಂತಲೂ ನೋಡಿ. ಮಾಮೂಲಿ ಟಿಇ ಬಫರ್‌ನಲ್ಲಿ ಇಡಿಟಿಎ 1 ಮಿಲಿಮೋಲಾರ್ ಇರುತ್ತದೆ. 25ರ ಮಿಶ್ರಣಕ್ಕೆ 5 ಮೈಕ್ರೋಲೀಟರ್ ಹಾಕಿದರೆ 0.2 ಆಗುತ್ತದೆ, ನಡೆಯುತ್ತದೆ. ನಮ್ಮ ಹುಡುಗನೊಬ್ಬ ತಪ್ಪಿ 10 ಮಿಲಿಮೋಲಾರ್ ಇರುವ ಬಫರ್‌ನಲ್ಲಿ ಕರಗಿಸಿದ್ದ. ಆಗ 2 ಆಯಿತು. ಮಿಶ್ರಣದಲ್ಲಿ ಇದ್ದ ಮೆಗ್ನೀಷಿಯಂ 1.5. ಅಷ್ಟನ್ನೂ ಇಡಿಟಿಎ ಹಿಡಿದುಕೊಂಡಿತು, ಕಿಣ್ವಕ್ಕೆ ಒಂದು ಚೂರೂ ಉಳಿಯಲಿಲ್ಲ. ಮೂರು ದಿನ ಬೇರೆಲ್ಲ ಹುಡುಕಿದ ಮೇಲೆ ಇದು ಸಿಕ್ಕಿತು.

ತಿಳಿ ಮಾಡಿಯೂ ಬರದಿದ್ದರೆ ಬಿಎಸ್‌ಎ ಪ್ರೋಟೀನ್ ಹಾಕಿ ನೋಡಿ. ಮೈಕ್ರೋಲೀಟರ್‌ಗೆ 0.1ರಿಂದ 0.4 ಮೈಕ್ರೋಗ್ರಾಂ ಸಾಕು. ತಡೆಯುವ ವಸ್ತುಗಳನ್ನು ಅದು ತನ್ನ ಮೇಲೆ ಎಳೆದುಕೊಳ್ಳುತ್ತದೆ. ನನಗೆ ಇದಕ್ಕಿಂತ ಹೆಚ್ಚು ನಂಬಿಕೆ ಇರುವುದು ಬೆಳೆಸಿ ನೋಡುವುದರ ಮೇಲೆ. ಕಿಡ್ನಿಗೆ ಲೂಪ್ (ತಂತಿಯ ಕುಣಿಕೆ) ಚುಚ್ಚಿ ತೆಗೆದು ಅಗರ್ ತಟ್ಟೆಯ ಮೇಲೆ ಎಳೆದು 28 - 30 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಏರೋಮೋನಾಸ್ ಬೆಳೆದು ಬರುತ್ತದೆ. ಒಂದು ಕಾಲೊನಿ ತೆಗೆದು ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿ 1 ಮೈಕ್ರೋಲೀಟರ್ ಹಾಕಿದರೆ ಪಿಸಿಆರ್ ಸಲೀಸು. ಆದರೆ ಇದು ಎಲ್ಲದಕ್ಕೂ ಆಗುವುದಿಲ್ಲ. ಜಿಲೇಬಿ (ತಿಲಾಪಿಯಾ) ಮೀನಿನ ಕಣ್ಣು ಹೊರಬಂದು ಸುತ್ತು ಸುತ್ತು ಈಜುತ್ತಿದ್ದರೆ ಸ್ಟ್ರೆಪ್ಟೊಕಾಕಸ್ ಅನುಮಾನ. ಅದರ ಗೋಡೆ ದಪ್ಪ. ಬರೀ ಕುದಿಸಿದರೆ ಒಡೆಯುವುದು ಕಷ್ಟ, ಗೋಡೆ ಒಡೆಯುವ ಲೈಸೋಜೈಮ್ ಕಿಣ್ವ ಬೇಕು. ಬೆನ್ನಿನ ಮೇಲೆ ಕುದುರೆಗೆ ಜೀನು ಹಾಕಿದಂತೆ ಬಿಳಿಚಿದ ಗುರುತು, ಕೊಳೆತ ಕಿವಿರು ಇದ್ದರೆ ಫ್ಲಾವೊಬ್ಯಾಕ್ಟೀರಿಯಂ ಕಾಲಮ್ನೇರ್ ಅನುಮಾನ. ಅದು ಮಾಮೂಲಿ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಆಹಾರ ಕಡಿಮೆ ಇರುವ ಸೈಟೋಫಾಗ ಅಗರ್‌ನಲ್ಲಿ, ಬೇರು ಬಿಟ್ಟಂತೆ ಹಳದಿಯಾಗಿ ಹರಡುತ್ತದೆ.

ಇನ್ನೊಂದು ಸಾಧ್ಯತೆ ಉಳಿಯಿತು. ನೀವು ಹುಡುಕುತ್ತಿರುವ ಜೀನ್ ಆ ತಳಿಯಲ್ಲಿ ಇಲ್ಲದೇ ಇರಬಹುದು. ಏರೋಲೈಸಿನ್ ವಿಷದ ಜೀನ್ ಹಿಡಿಯುವ ಪ್ರೈಮರ್ ತುಂಬಾ ಜನ ಬಳಸುತ್ತಾರೆ. ಎಲ್ಲ ಏರೋಮೋನಾಸ್‌ನಲ್ಲೂ ಆ ಜೀನ್ ಇರುವುದಿಲ್ಲ. ಅದು ಬರಲಿಲ್ಲ ಅಂದರೆ 'ಏರೋಲೈಸಿನ್ ಜೀನ್ ಸಿಗಲಿಲ್ಲ' ಅಂತ ಬರೆಯಬಹುದು. 'ಏರೋಮೋನಾಸ್ ಇಲ್ಲ' ಅಂತ ಬರೆಯಬಾರದು.

ನೀರಿನ ಲೇನ್‌ನಲ್ಲಿ ಬ್ಯಾಂಡ್

ಒಂದು ವರ್ಷ ಜೂನ್‌ನಲ್ಲಿ ನಮ್ಮ ಲ್ಯಾಬ್ ಎರಡು ವಾರ ನಿಂತುಹೋಗಿತ್ತು. ಬರೀ ನೀರು ಹಾಕಿದ ಲೇನ್‌ನಲ್ಲಿ ಪಾಸಿಟಿವ್‌ನಷ್ಟೇ ದಪ್ಪ ಬ್ಯಾಂಡ್. ಅದಕ್ಕೂ ಹಿಂದಿನ ವಾರ ಕೊಟ್ಟ ವರದಿಗಳೆಲ್ಲ ಸರಿಯಾ ಅನ್ನುವ ಭಯ ಬೇರೆ.

ಇಂಥ ಹೊತ್ತಿನಲ್ಲಿ ಮೊದಲ ಪ್ರಶ್ನೆ: ಯಾವ ಪ್ರೈಮರ್? ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಜೀನ್ ಹಿಡಿಯುವ ಪ್ರೈಮರ್ ಆಗಿದ್ದು, 35 ಸುತ್ತು ದಾಟಿದ ಮೇಲೆ ಮಸುಕಾಗಿ ಬ್ಯಾಂಡ್ ಬಂದರೆ ಗಾಬರಿ ಬೇಡ. ಪಿಸಿಆರ್ ಕಿಣ್ವ ಬರುವುದೇ ಬ್ಯಾಕ್ಟೀರಿಯಾದಿಂದ. ಅದನ್ನು ತಯಾರಿಸುವಾಗ ಉಳಿದ ಚೂರು ಪಾರು ಬ್ಯಾಕ್ಟೀರಿಯಾ ಡಿಎನ್‌ಎ ಕಿಣ್ವದ ಜೊತೆಗೇ ಬರುತ್ತದೆ. ಸುತ್ತನ್ನು 28ಕ್ಕೆ ಇಳಿಸಿ ನೋಡಿ. ಮೀನಿನ ಬ್ಯಾಂಡ್ ಉಳಿದು ನೀರಿನದು ಮಾಯವಾದರೆ ಕಾರಣ ಅದೇ.

ನಮ್ಮದು ಹಾಗಿರಲಿಲ್ಲ. ಏರೋಲೈಸಿನ್ ಪ್ರೈಮರ್‌ಗೆ ಬರುತ್ತಿತ್ತು. ಅಂದರೆ ಹಿಂದಿನ ಪಿಸಿಆರ್‌ಗಳ ನಕಲು ಎಲ್ಲೋ ಹರಡಿದೆ. ಲೆಕ್ಕ ಹಾಕಿ ನೋಡಿ. ಒಂದೇ ಒಂದು ತುಂಡು ಪ್ರತಿ ಸುತ್ತಿಗೂ ಎರಡಾದರೆ 30 ಸುತ್ತಿಗೆ 107 ಕೋಟಿ. ಮುಚ್ಚಳ ತೆಗೆದಾಗ ಹಾರುವ ಕಣ್ಣಿಗೆ ಕಾಣದ ಹನಿಯಲ್ಲಿ ಅದರ ಹತ್ತು ಲಕ್ಷದಲ್ಲಿ ಒಂದು ಪಾಲಿದ್ದರೂ ಸಾವಿರ ತುಂಡು. ರೋಗದ ಮೀನಿನಲ್ಲಿ ಅಷ್ಟು ಇರಬೇಕೆಂದಿಲ್ಲ.

ನೀರು ಬದಲಾಯಿಸಿದೆವು. ಬಂತು. ಪ್ರೈಮರ್ ಹೊಸದು ತೆರೆದೆವು. ಬಂತು. ಒಂದೊಂದಾಗಿ ಬದಲಾಯಿಸುವ ಈ ದಾರಿ ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತದೆ. ಸಣ್ಣ ಲ್ಯಾಬ್‌ಗೆ ನಾನು ಹೇಳುವುದು ಬೇರೆ. ನೀರು, ಪ್ರೈಮರ್, ಮಿಶ್ರಣ, ಟಿಪ್, ಟ್ಯೂಬು ಎಲ್ಲವನ್ನೂ ಒಟ್ಟಿಗೆ ಹೊಸದು ಮಾಡಿ. ಸಾಧ್ಯವಾದರೆ ಬೇರೆ ಕೋಣೆಯಲ್ಲಿ, ಬೇರೆ ಪೈಪೆಟ್‌ನಲ್ಲಿ ಒಂದು ಸಲ ಮಾಡಿ. ಅಲ್ಲಿ ಶುದ್ಧವಾಗಿ ಬಂದರೆ ನಿಮ್ಮ ಕೋಣೆಯಲ್ಲಿರುವ ಯಾವುದೋ ಒಂದು ವಸ್ತು ಕಾರಣ. ಆಗ ಹುಡುಕಾಟ ಚಿಕ್ಕದಾಗುತ್ತದೆ. ಹಳೆಯದನ್ನು ಉಳಿಸಿಕೊಳ್ಳಲು ಹೋಗಿ ನಾವು ಕಳೆದುಕೊಂಡದ್ದು ಹತ್ತು ದಿನ.

ಕೊನೆಗೆ ದಾರಿ ತೋರಿಸಿದ್ದು ಹತ್ತಿಯ ಕಡ್ಡಿ. ಶುದ್ಧ ನೀರಿನಲ್ಲಿ ಅದ್ದಿ ಪೈಪೆಟ್, ಮೇಜು, ಸೆಂಟ್ರಿಫ್ಯೂಜ್ ಒಳಭಾಗ, ಫ್ರೀಜರ್ ಹಿಡಿ, ಫ್ಯಾನ್ ಸ್ವಿಚ್ ಎಲ್ಲ ಕಡೆ ಒರೆಸಿ, ಆ ನೀರನ್ನೇ ಪಿಸಿಆರ್‌ಗೆ ಹಾಕಿದೆವು. ಮೇಜು ಖಾಲಿ. ಅದನ್ನು ದಿನಾ ಒರೆಸುತ್ತಿದ್ದೆವು. ಫ್ರೀಜರ್ ಹಿಡಿ ಮತ್ತು ಒಂದು ಪೈಪೆಟ್ ಎರಡೂ ಜೋರಾಗಿ ಹೊಳೆದವು. ಜೆಲ್ ಕೋಣೆಯಲ್ಲಿ ಹಾಕಿದ ಗ್ಲೌಸ್‌ನಲ್ಲೇ ಬಂದು ಫ್ರೀಜರ್ ತೆಗೆಯುತ್ತಿದ್ದೆವು. ಒಂದು ದಿನ ಜೆಲ್ ಪೈಪೆಟ್ ಕೆಟ್ಟಾಗ ಮಿಶ್ರಣದ ಪೈಪೆಟ್ಟನ್ನು ಎರವಲು ಒಯ್ದು ವಾಪಸ್ ಇಟ್ಟಿದ್ದರು. ಮೇಲೆ ಫ್ಯಾನ್ ಓಡುತ್ತಿರುವಾಗಲೇ ಟ್ಯೂಬು ತೆರೆಯುವ ಅಭ್ಯಾಸವೂ ಇತ್ತು. ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ಕಷ್ಟವೇ. ಆದರೂ ಆ ಹತ್ತು ನಿಮಿಷ ಆರಿಸಿ.

ಆವರೆಗೆ ನಾವು ಎಲ್ಲವನ್ನೂ ಸ್ಪಿರಿಟ್‌ನಿಂದ ಒರೆಸುತ್ತಿದ್ದೆವು. ಸ್ಪಿರಿಟ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಡಿಎನ್‌ಎಯನ್ನು ಏನೂ ಮಾಡುವುದಿಲ್ಲ. ಮೀನಿನ ತುಂಡು ಕೆಡದಿರಲಿ ಅಂತ ಇಡುವುದೇ ಎಥೆನಾಲ್‌ನಲ್ಲಿ, ಅಲ್ವಾ? ಡಿಎನ್‌ಎ ಹಾಳು ಮಾಡಲು ಬ್ಲೀಚ್ ಬೇಕು. ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರಾವಣವನ್ನು ಹತ್ತು ಪಟ್ಟು ತಿಳಿ ಮಾಡಿ, ಹಚ್ಚಿ, ಹತ್ತು ನಿಮಿಷ ಬಿಟ್ಟು, ಆಮೇಲೆ ನೀರಿನಿಂದ ಒರೆಸಿ. ಇಲ್ಲವಾದರೆ ಲೋಹ ತುಕ್ಕು ಹಿಡಿಯುತ್ತದೆ. ಅವತ್ತಿನಿಂದ ಮಿಶ್ರಣ ಮಾಡುವ ಪೈಪೆಟ್‌ಗೆ ಹಸಿರು ಟೇಪು, ಜೆಲ್‌ನದಕ್ಕೆ ಕೆಂಪು ಟೇಪು. ಕೆಂಪು ಯಾವತ್ತೂ ಹಸಿರು ಕೋಣೆಗೆ ಬರುವುದಿಲ್ಲ. ಜೆಲ್ ಮುಟ್ಟಿದವರು ಅವತ್ತು ಮತ್ತೆ ಮಿಶ್ರಣ ಮಾಡುವುದಿಲ್ಲ.

ಆ ಎರಡು ವಾರದ ಹಿಂದಿನ ಸ್ಯಾಂಪಲ್‌ಗಳನ್ನೆಲ್ಲ ಮತ್ತೆ ಮಾಡಿದೆವು. ಎರಡು ವರದಿ ಬದಲಾದವು. ಆ ಇಬ್ಬರಿಗೂ ಫೋನ್ ಮಾಡಿ ತಪ್ಪಾಗಿತ್ತು ಅಂತ ಹೇಳಿದೆವು.

ಬ್ಯಾಂಡ್ ಇದೆ, ಜಾಗ ಸರಿಯಿಲ್ಲ

100 ಬೇಸ್‌ಗಿಂತ ಕೆಳಗೆ ಮಸುಕಾಗಿ ಕಾಣುವುದು ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿಕೊಂಡದ್ದು. ಬಿಟ್ಟುಬಿಡಿ. ಎರಡು ಮೂರು ಬ್ಯಾಂಡ್ ಬಂದರೆ ಪ್ರೈಮರ್ ಮೀನಿನ ಡಿಎನ್‌ಎಗೂ ಕೂರುತ್ತಿದೆ. ಪ್ರೈಮರ್ ಕೂರಿಸುವ ಶಾಖವನ್ನು ಎರಡೆರಡು ಡಿಗ್ರಿ ಏರಿಸುತ್ತಾ ನೋಡಿ. ಉದ್ದಕ್ಕೂ ಎಳೆದಂತೆ ಮಸುಕಾಗಿದ್ದರೆ ಡಿಎನ್‌ಎ ಜಾಸ್ತಿಯಾಗಿದೆ. ಅನುಮಾನ ಉಳಿದರೆ ಬ್ಯಾಂಡ್ ಕತ್ತರಿಸಿ ಸೀಕ್ವೆನ್ಸಿಂಗ್‌ಗೆ (ಡಿಎನ್‌ಎ ಅಕ್ಷರಗಳನ್ನು ಓದಿಸಲು) ಕಳಿಸಿ. ಆದರೆ 16ಎಸ್ ಓದಿ '99 ಪರ್ಸೆಂಟ್ ಹೈಡ್ರೋಫಿಲಾ' ಅಂತ ಬಂದರೆ ಅದನ್ನೇ ಬರೆಯಬೇಡಿ. ಏರೋಮೋನಾಸ್ ಬಳಗದ ಜಾತಿಗಳ 16ಎಸ್ ಒಂದಕ್ಕೊಂದು ತೀರಾ ಹತ್ತಿರ. ಹೈಡ್ರೋಫಿಲಾ, ಢಾಕೆನ್ಸಿಸ್, ವೆರೋನಿ ಅಂತ ಬೇರೆ ಮಾಡಲು ಜೈರ್‌ಬಿ ಅಥವಾ ಆರ್‌ಪಿಒಡಿ ಜೀನ್ ಓದಬೇಕು.

ಹೆಸರುಗಳೂ ಬದಲಾಗುತ್ತವೆ. ಮೀನಿನಲ್ಲಿ ಎಡ್ವರ್ಡ್‌ಸಿಯೆಲ್ಲಾ ಟಾರ್ಡಾ ಅಂತ ಕರೆಯುತ್ತಿದ್ದ ಬ್ಯಾಕ್ಟೀರಿಯಾದ ಎಷ್ಟೋ ತಳಿಗಳನ್ನು 2013ರಲ್ಲಿ ಪಿಸಿಸಿಡಾ ಅಂತ ಬೇರೆ ಮಾಡಿದರು. ಕಾಲಮ್ನೇರ್ 2022ರಲ್ಲಿ ನಾಲ್ಕು ಜಾತಿಯಾಯಿತು. ಹಳೆಯ ಪ್ರೈಮರ್ ಈಗ ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಅಂತ ಡೇಟಾಬೇಸ್‌ನಲ್ಲಿ ಒಮ್ಮೆ ಹೊಂದಿಸಿ ನೋಡಿ.

ಎಲ್ಲ ಸರಿಯಾಗಿ ಪಾಸಿಟಿವ್ ಬಂದಾಗ

ಚೆನ್ನಾಗಿರುವ ಮೀನು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಕಿವಿರಿನಲ್ಲಿ, ಚರ್ಮದಲ್ಲಿ ಏರೋಮೋನಾಸ್ ಸಿಕ್ಕರೆ ಅದು ಕೆರೆಯ ನೀರಿನ ಸುದ್ದಿ ಅಷ್ಟೇ ಆಗಿರಬಹುದು. ರೋಗದ ಮೀನಿನ ಕಿಡ್ನಿಯಲ್ಲಿ ಸಿಕ್ಕಿ, ಅದೇ ಕೊಳದ ಚೆನ್ನಾಗಿರುವ ಮೀನಿನ ಕಿಡ್ನಿಯಲ್ಲಿ ಸಿಗದಿದ್ದರೆ ಆಗ ಮಾತಿಗೆ ತೂಕ. ಔಷಧಿ ಹಾಕಿದ ಮೇಲೆ ತಂದ ಮೀನಾದರೆ ಇನ್ನೂ ಎಚ್ಚರ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಪಿಸಿಆರ್ ಹಿಡಿಯುತ್ತದೆ.

'ಯಾವ ಔಷಧಿ ಹಾಕಲಿ' ಅನ್ನುವ ಪ್ರಶ್ನೆಗೂ ಈ ಬ್ಯಾಂಡ್ ಉತ್ತರ ಕೊಡುವುದಿಲ್ಲ. ಅದಕ್ಕೆ ಬ್ಯಾಕ್ಟೀರಿಯಾ ಬೆಳೆಸಿ, ಔಷಧಿಯ ಬಿಲ್ಲೆ ಇಟ್ಟು ನೋಡಬೇಕು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ತಿನ್ನುವ ಮೀನಿಗೆ ಕೊಡುವುದು ನಿಷೇಧ ಅನ್ನುವುದನ್ನು ನಾವು ಪ್ರತಿ ವರದಿಯಲ್ಲೂ ಬರೆಯುತ್ತೇವೆ.

ಪಾಂಡವಪುರದ ಕೊಳ

ಆ ಫೋನ್ ಬಂದ ಮರುದಿನವೇ ನಾವು ಹೋದೆವು. ಕಬ್ಬಿನ ಗದ್ದೆಯ ಪಕ್ಕದ ಕೊಳ. ನೀರು ಮೊಣಕಾಲಿಗಿಂತ ಸ್ವಲ್ಪ ಮೇಲೆ. ನಾಲೆಯಲ್ಲಿ ನೀರು ನಿಂತು ತಿಂಗಳಾಗಿತ್ತು. ಸಾಯುತ್ತಿರುವ ನಾಲ್ಕು ಕಾಟ್ಲಾ, ಚೆನ್ನಾಗಿರುವ ಮೂರು ಹಿಡಿದು ಅಲ್ಲೇ ಕುಯ್ದು ಕಿಡ್ನಿ ತೆಗೆದೆವು. ಅಲ್ಲೇ ಅಗರ್ ತಟ್ಟೆಗೂ ಎಳೆದೆವು.

ತಿಳಿ ಮಾಡದ ಡಿಎನ್‌ಎಯಲ್ಲಿ ನಾಲ್ಕೂ ಖಾಲಿ. ಹತ್ತು ಪಟ್ಟು ತಿಳಿ ಮಾಡಿದಾಗ ನಾಲ್ಕರಲ್ಲೂ ಬ್ಯಾಂಡ್. ಚೆನ್ನಾಗಿದ್ದ ಮೂರರಲ್ಲಿ ಎರಡೂ ಸಲ ಇಲ್ಲ, ಬೆರೆಸುವ ಪರೀಕ್ಷೆಯಲ್ಲಿ ಮೂರೂ ಪಾಸು. ತಟ್ಟೆಯಲ್ಲಿ ಒಂದೇ ತರಹದ ಕಾಲೊನಿ. ಅಂದರೆ ಮೊದಲ ಸಲ ಫಾರ್ಮಲಿನ್ ಇಲ್ಲದೆ ತಂದಿದ್ದರೂ ನಾನು ತಿಳಿ ಮಾಡದೆ 'ನೆಗೆಟಿವ್' ಅಂತಲೇ ಬರೆದಿರುತ್ತಿದ್ದೆ.

ವರದಿ ಹೀಗೆ ಬರೆದೆವು: 'ರೋಗದ ನಾಲ್ಕು ಮೀನಿನ ಕಿಡ್ನಿಯಲ್ಲಿ ಏರೋಮೋನಾಸ್ ಬಳಗದ ಬ್ಯಾಕ್ಟೀರಿಯಾ ಸಿಕ್ಕಿದೆ, ಆರೋಗ್ಯದ ಮೂರರಲ್ಲಿ ಸಿಕ್ಕಿಲ್ಲ. ಮೊದಲ ವರದಿಯನ್ನು ರದ್ದು ಮಾಡಲಾಗಿದೆ.' ಮೀನಿನ ಸಂಖ್ಯೆ ಕಡಿಮೆ ಮಾಡಿ, ಸತ್ತದ್ದನ್ನು ದಿನಾ ತೆಗೆದು ಹೂಳಿ, ಮೇವು ನಿಲ್ಲಿಸಿ, ಬೋರಿನಿಂದ ಹೊಸ ನೀರು ಬಿಡಿ ಅಂತ ಹೇಳಿದೆವು. ಬಿಲ್ಲೆಯ ಪರೀಕ್ಷೆ ಮುಗಿಯುವವರೆಗೆ ಔಷಧಿ ಬೇಡ ಅಂದೆವು. ಹೊರಡುವಾಗ ಎಥೆನಾಲ್ ತುಂಬಿದ ನಾಲ್ಕು ಸಣ್ಣ ಟ್ಯೂಬು ಕೊಟ್ಟೆ. ಅವರ ಮಗ ಅವನ್ನು ತಂದು ಫಾರ್ಮಲಿನ್ ಬಾಟಲಿ ಇದ್ದ ಕಪಾಟಿನಲ್ಲಿಟ್ಟ. ಬಾಟಲಿಯನ್ನು ನಾವು ವಾಪಸ್ ಮೈಸೂರಿಗೆ ತಂದೆವು.